ವಿಮಾನದ ಪಾರ್ಟ್ ಅಸಲಿಯೇ? ಸ್ಟೋರ್ಸ್ ಮೇಜಿನ ಮೇಲೆ ಪರೀಕ್ಷಿಸುವ ಕ್ರಮ

ವಿಮಾನ ನಿರ್ವಹಣೆಯ ಎಎಂಇ ಕೋರ್ಸ್ ಓದುತ್ತಿರುವವರು, ಹೊಸದಾಗಿ ಸ್ಟೋರ್ಸ್ ಇನ್‌ಸ್ಪೆಕ್ಷನ್‌ಗೆ (ಬಂದ ಪಾರ್ಟ್‌ಗಳನ್ನು ಪರೀಕ್ಷಿಸಿ ದಾಸ್ತಾನಿಗೆ ತೆಗೆದುಕೊಳ್ಳುವ ಕೆಲಸಕ್ಕೆ) ಸೇರಿದವರು, ಪೀಣ್ಯದಲ್ಲಿ ಏರೋಸ್ಪೇಸ್ ಆರ್ಡರ್ ಹಿಡಿದಿರುವ ವರ್ಕ್‌ಶಾಪ್‌ನವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಬಂದಿರುವ ಪಾರ್ಟ್ ಅಸಲಿಯೋ ನಕಲಿಯೋ ಅಂತ ಹೇಗೆ ಗೊತ್ತು ಮಾಡಿಕೊಳ್ಳೋದು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಇಲ್ಲಿ ಒಂದೇ ಕಡೆ ಬರೆಯುತ್ತಿದ್ದೇನೆ. ನಿಮ್ಮ ಸಂಸ್ಥೆಯ ಕೈಪಿಡಿಯಲ್ಲಿ ಇದಕ್ಕಿಂತ ಬಿಗಿಯಾದ ನಿಯಮ ಇದ್ದರೆ ಅದನ್ನೇ ಪಾಲಿಸಿ.

ಯಾಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕು ಅಂದರೆ, 1989ರ ಸೆಪ್ಟೆಂಬರ್ 8ನ್ನು ನೆನಪಿಡಿ. ನಾರ್ವೆಯ ಪಾರ್ಟ್‌ನೇರ್ ಕಂಪನಿಯ ಕಾನ್ವೇರ್ 580 ವಿಮಾನ ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟಿತ್ತು. ಒಂದು ಹಡಗು ಕಂಪನಿಯ ನೌಕರರು ಹೊಸ ಹಡಗಿನ ನಾಮಕರಣಕ್ಕೆ ಅಂತ ಹೋಗುತ್ತಿದ್ದರು. ಡೆನ್ಮಾರ್ಕ್ ಕರಾವಳಿಯ ಹತ್ತಿರ ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 55 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಬಾಲದ ಲಂಬ ರೆಕ್ಕೆಯನ್ನು ವಿಮಾನದ ಮೈಗೆ ಹಿಡಿದಿಡುವ ನಾಲ್ಕು ಬೋಲ್ಟ್‌ಗಳಲ್ಲಿ ಮೂರು ನಕಲಿ ಅಂತ ತನಿಖೆಯಲ್ಲಿ ಗೊತ್ತಾಯಿತು. ಅವಕ್ಕೆ ಇರಬೇಕಾದ ಬಲ ಇರಲಿಲ್ಲ. ಬಾಲದ ಭಾಗದಲ್ಲಿ ಶುರುವಾದ ಅದುರಾಟವನ್ನು ತಡೆದುಕೊಳ್ಳಲು ಅವುಗಳಿಂದ ಆಗಲಿಲ್ಲ. ಆ ಬೋಲ್ಟ್‌ಗಳೂ ಯಾವುದೋ ಒಂದು ದಿನ ಯಾವುದೋ ಸ್ಟೋರ್ಸ್ ಮೇಜಿನ ಮೇಲೆ ಹಾದುಹೋಗಿದ್ದವು.

ಮೊದಲು ಒಂದು ಪದ ತಿಳಿದುಕೊಳ್ಳಿ

ನಾವು ಮಾತಿನಲ್ಲಿ "ನಕಲಿ" ಅಂತೀವಿ. ನಿಯಮದ ಭಾಷೆಯಲ್ಲಿ ಬಳಸುವ ಪದ "ಅನ್‌ಅಪ್ರೂವ್ಡ್", ಅಂದರೆ ಅನುಮೋದನೆ ಇಲ್ಲದ ಪಾರ್ಟ್. ಅನುಮಾನ ಇದ್ದು ಇನ್ನೂ ಖಚಿತ ಆಗದಿದ್ದರೆ ಅದಕ್ಕೆ ಎಸ್‌ಯುಪಿ ಅನ್ನುತ್ತಾರೆ: ಸಸ್ಪೆಕ್ಟೆಡ್ ಅನ್‌ಅಪ್ರೂವ್ಡ್ ಪಾರ್ಟ್. ಈ ಪದದ ಹರವು ದೊಡ್ಡದು. ಬೇರೆಯವರ ಹೆಸರು ಒತ್ತಿ ಮಾಡಿದ ಪಾರ್ಟ್ ಇದರಲ್ಲಿ ಬರುತ್ತದೆ. ಆಯಸ್ಸು ಮುಗಿದದ್ದಕ್ಕೆ ಪಾಲಿಶ್ ಹಾಕಿ ಹೊಸದು ಅಂತ ಮಾರಿದ್ದೂ ಬರುತ್ತದೆ. ಪಾರ್ಟ್ ಒಳ್ಳೆಯದೇ ಇದ್ದು ಕಾಗದ ಸುಳ್ಳಾಗಿದ್ದರೆ ಅದೂ ಬರುತ್ತದೆ.

ಪೀಣ್ಯ, ಬೆಳಗಾವಿ ಕಡೆಯ ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮ್ಮ ಸಿಎನ್‌ಸಿ ಮೆಷಿನ್‌ನಲ್ಲಿ, ಗ್ರಾಹಕರು ಕೊಟ್ಟ ಡ್ರಾಯಿಂಗ್ ಪ್ರಕಾರ 100 ಪೀಸ್ ಆರ್ಡರ್ ಇತ್ತು ಅನ್ನಿ. ನೀವು 110 ಮಾಡಿದಿರಿ. 100 ಪೀಸ್ ಗ್ರಾಹಕರ ಗುಣಮಟ್ಟ ವಿಭಾಗದ ಮೂಲಕ ಹೋಗಿ ಸರ್ಟಿಫಿಕೇಟ್ ಪಡೆದವು. ಉಳಿದ 10 ಪೀಸನ್ನು ಯಾರಿಗೋ ನೇರವಾಗಿ ಮಾರಿದರೆ ಅವು ಅನ್‌ಅಪ್ರೂವ್ಡ್ ಪಾರ್ಟ್‌ಗಳೇ. "ಅದೇ ಮೆಷಿನ್, ಅದೇ ಲೋಹ, ಅದೇ ಆಪರೇಟರ್ ಅಲ್ವಾ?" ಅಂತ ಕೇಳುತ್ತಾರೆ. ಹೌದು. ಆದರೆ ಆ 10 ಪೀಸ್‌ಗಳಿಗೆ ಯಾರೂ ಜವಾಬ್ದಾರರಿಲ್ಲ. ನಾಳೆ ಆ ಬ್ಯಾಚ್‌ನಲ್ಲಿ ಬಿರುಕು ಕಂಡರೆ 100 ಪೀಸ್ ಎಲ್ಲಿವೆ ಅಂತ ಹುಡುಕಿ ವಾಪಸ್ ಕರೆಸಬಹುದು. ಈ 10 ಎಲ್ಲಿ ಹೋದವು ಅಂತ ಯಾರಿಗೂ ಗೊತ್ತಿರುವುದಿಲ್ಲ. ಉತ್ಪಾದನೆಯ ಅನುಮೋದನೆ ಇರುವ ಕಂಪನಿ ನಿಮಗೆ ನೇರವಾಗಿ ಕಳಿಸುವ ಅಧಿಕಾರವನ್ನು ಬರವಣಿಗೆಯಲ್ಲಿ ಕೊಟ್ಟಿದ್ದರೆ ಮಾತ್ರ ಹೊರಗೆ ಕಳಿಸಬಹುದು. ಉಳಿದ ಪೀಸ್ ಏನು ಮಾಡಬೇಕು ಅನ್ನುವುದನ್ನು ಆರ್ಡರ್ ಹಿಡಿಯುವಾಗಲೇ ಕೇಳಿ ಬರೆಸಿಕೊಳ್ಳಿ.

ಮೇಜಿನ ಮೇಲೆ ಏನೇನು ಇರಬೇಕು

ಪರ್ಚೇಸ್ ಆರ್ಡರ್ ಪ್ರತಿ. ನಿಮ್ಮ ಸಂಸ್ಥೆ ಒಪ್ಪಿರುವ ಸಪ್ಲೈಯರ್‌ಗಳ ಪಟ್ಟಿ. ಐಪಿಸಿ, ಅಂದರೆ ಯಾವ ವಿಮಾನಕ್ಕೆ ಯಾವ ಪಾರ್ಟ್ ನಂಬರ್ ಅಂತ ಚಿತ್ರದ ಸಮೇತ ತೋರಿಸುವ ಕ್ಯಾಟಲಾಗ್, ಇತ್ತೀಚಿನ ತಿದ್ದುಪಡಿ ಸೇರಿರುವುದು. ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ, ಒಂದು ವರ್ನಿಯರ್, ಒಳ್ಳೆಯ ಬೆಳಕು, ಕ್ಯಾಮೆರಾ. ಜೊತೆಗೆ ಒಂದು ಫೋನ್. ಫೋನ್ ಯಾಕೆ ಅಂತ ಐದನೇ ಹಂತದಲ್ಲಿ ಹೇಳುತ್ತೇನೆ.

ಹಂತ 1: ಆರ್ಡರ್ ಮಾಡುವ ಮೊದಲೇ ಮಾರುವವರನ್ನು ನೋಡಿ

ಪಾರ್ಟ್ ಮಾರುವವರು ಮೂರು ಬಗೆ. ತಯಾರಿಸಿದ ಕಂಪನಿ, ರಿಪೇರಿ ಮಾಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ, ನಡುವಿನ ವ್ಯಾಪಾರಿ. ಮೊದಲ ಎರಡಕ್ಕೆ ಸರ್ಕಾರದ ಅನುಮೋದನೆ ಬೇಕೇ ಬೇಕು. ವ್ಯಾಪಾರಿಗೆ ಎಲ್ಲ ದೇಶಗಳಲ್ಲೂ ಹಾಗಿಲ್ಲ. ಅಮೆರಿಕದಲ್ಲಿ ಎಫ್‌ಎಎ, ಅಂದರೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ, ವ್ಯಾಪಾರಿಗಳಿಗೆ ಲೈಸೆನ್ಸ್ ಕೊಡುವುದಿಲ್ಲ. ಎಸಿ 00-56 ಅನ್ನುವ ಸ್ವಯಂಪ್ರೇರಿತ ವ್ಯವಸ್ಥೆ ಇದೆ. ಅದರಲ್ಲಿ ಹೊರಗಿನ ಆಡಿಟರ್‌ಗಳು ವ್ಯಾಪಾರಿಯ ಗುಣಮಟ್ಟ ಪದ್ಧತಿಯನ್ನು ನೋಡಿ ಮಾನ್ಯತೆ ಕೊಡುತ್ತಾರೆ. ಎಎಸ್‌ಎ-100 ಅನ್ನುವ ಮಾನದಂಡ ಈ ವ್ಯವಸ್ಥೆಯಡಿ ಚೆನ್ನಾಗಿ ಬಳಕೆಯಲ್ಲಿದೆ. ವ್ಯಾಪಾರಿಯ ಮಾನ್ಯತೆ ಪತ್ರ ಕೇಳಿ. ಕೊಟ್ಟ ಮೇಲೆ ಅದು ಇವತ್ತಿಗೂ ಚಾಲ್ತಿಯಲ್ಲಿದೆಯೇ ಅಂತ ಮಾನ್ಯತೆ ಕೊಟ್ಟವರ ಪಟ್ಟಿಯಲ್ಲೇ ನೋಡಿ.

ವೆಬ್‌ಸೈಟ್ ನೋಡಿ ನಂಬಬೇಡಿ. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಅನ್ನುವ ವ್ಯಾಪಾರಿ ಕಂಪನಿಗೆ ಊರಿನ ನಡುವೆ ಒಳ್ಳೆಯ ವಿಳಾಸ ಇತ್ತು. ಅದರ ಅಧಿಕಾರಿಗಳು ಅಂತ ಲಿಂಕ್ಡ್‌ಇನ್‌ನಲ್ಲಿ ಕಾಣುತ್ತಿದ್ದ ಕೆಲವು ಮುಖಗಳು ಮಾರಾಟಕ್ಕೆ ಸಿಗುವ ಸ್ಟಾಕ್ ಫೋಟೋಗಳು ಅಂತ 2023ರಲ್ಲಿ ಪತ್ರಕರ್ತರು ಪತ್ತೆ ಮಾಡಿದರು. ಆ ಕಂಪನಿಯ ಕಥೆ ಮುಂದೆ ಇನ್ನೂ ಬರುತ್ತದೆ.

ಎಡವುವ ಜಾಗ: ಅವಸರ. ಪಾರ್ಟ್ ಇಲ್ಲದೆ ವಿಮಾನ ನೆಲದ ಮೇಲೆ ನಿಂತಿರುವ ಸ್ಥಿತಿಗೆ ಎಒಜಿ ಅನ್ನುತ್ತಾರೆ, ಏರ್‌ಕ್ರಾಫ್ಟ್ ಆನ್ ಗ್ರೌಂಡ್. ಆ ಹೊತ್ತಿಗೆ ಎಲ್ಲರ ಫೋನೂ ನಿಮಗೇ ಬರುತ್ತಿರುತ್ತದೆ. ಎಲ್ಲೂ ಸಿಗದ ಪಾರ್ಟ್, ಮಾರುಕಟ್ಟೆಗಿಂತ ತುಂಬಾ ಕಡಿಮೆ ಬೆಲೆಗೆ, ನಾಳೆಯೇ ಕಳಿಸುತ್ತೇನೆ ಅಂತ ಗೊತ್ತಿಲ್ಲದವರು ಹೇಳಿದರೆ, ಆಗಲೇ ನೀವು ನಿಧಾನ ಮಾಡಬೇಕು.

ಹಂತ 2: ಡಬ್ಬ ಬಿಚ್ಚುವ ಮುಂಚೆ

ಫೋಟೋ ತೆಗೆಯಿರಿ. ಡಬ್ಬದ ಮೇಲಿನ ಲೇಬಲ್, ಸೀಲ್, ಕಳಿಸಿದವರ ವಿಳಾಸ ಎಲ್ಲ ಕಾಣಬೇಕು. ತಯಾರಕರ ಡಬ್ಬ ಅಂತ ಹೇಳಿ ಸುಮ್ನೆ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿದ್ದರೆ ಬರೆದಿಟ್ಟುಕೊಳ್ಳಿ. ಎಲೆಕ್ಟ್ರಾನಿಕ್ ಪಾರ್ಟ್ ಸ್ಥಿರ ವಿದ್ಯುತ್ತಿನಿಂದ ಕಾಪಾಡುವ ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಇಲ್ಲದಿದ್ದರೆ ಅದೂ ಪ್ರಶ್ನೆಯೇ.

ಹಂತ 3: ಕಾಗದವನ್ನು ಒಂದೊಂದೇ ಮನೆಯಾಗಿ ಓದಿ

ಇದಕ್ಕೆ ಸಮಯ ಕೊಡಿ. ಪಾರ್ಟ್ ಜೊತೆ ಬರುವ ಮುಖ್ಯ ಕಾಗದ "ಆಥರೈಸ್ಡ್ ರಿಲೀಸ್ ಸರ್ಟಿಫಿಕೇಟ್". ಅಮೆರಿಕದ್ದಾದರೆ ಎಫ್‌ಎಎ ಫಾರ್ಮ್ 8130-3. ಯೂರೋಪಿನದ್ದಾದರೆ ಅಲ್ಲಿನ ಪ್ರಾಧಿಕಾರವಾದ ಇಎಎಸ್‌ಎಯ ಫಾರ್ಮ್ 1. ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಅನುಮೋದನೆ ಇರುವ ಸಂಸ್ಥೆ ಕೊಟ್ಟಿದ್ದಾದರೆ ಸಿಎ ಫಾರ್ಮ್ 1. ಮೂರರ ರಚನೆಯೂ ಹೆಚ್ಚುಕಡಿಮೆ ಒಂದೇ. ಮನೆಗಳಿಗೆ ಬ್ಲಾಕ್ ಅನ್ನುತ್ತಾರೆ.

ಬ್ಲಾಕ್ 1ರಲ್ಲಿ ಯಾವ ದೇಶದ ಪ್ರಾಧಿಕಾರ ಅಂತ ಇರುತ್ತದೆ. 3ರಲ್ಲಿ ಈ ಕಾಗದದ ಟ್ರ್ಯಾಕಿಂಗ್ ನಂಬರ್, 4ರಲ್ಲಿ ಕೊಟ್ಟ ಸಂಸ್ಥೆಯ ಹೆಸರು, ವಿಳಾಸ. 7ರಿಂದ 10ರವರೆಗೆ ಪಾರ್ಟ್‌ನ ವಿವರ, ಪಾರ್ಟ್ ನಂಬರ್, ಎಷ್ಟು ಪೀಸ್, ಸೀರಿಯಲ್ ನಂಬರ್. ಇಷ್ಟನ್ನು ಎಲ್ಲರೂ ನೋಡುತ್ತಾರೆ. ಜಾಸ್ತಿ ಜನ ಬಿಡುವುದು ಮುಂದಿನದ್ದನ್ನು.

ಬ್ಲಾಕ್ 11 ಪಾರ್ಟ್‌ನ ಸ್ಥಿತಿ ಹೇಳುತ್ತದೆ: ಹೊಸದು, ಓವರ್‌ಹಾಲ್ ಆದದ್ದು, ರಿಪೇರಿ ಆದದ್ದು, ಪರೀಕ್ಷೆ ಮಾತ್ರ ಆದದ್ದು. ಓವರ್‌ಹಾಲ್ ಅಂದರೆ ಪೂರ್ತಿ ಬಿಚ್ಚಿ, ತೊಳೆದು, ಅಳೆದು, ಬೇಕಾದ್ದನ್ನು ಬದಲಿಸಿ, ಮತ್ತೆ ಜೋಡಿಸಿ ಪರೀಕ್ಷಿಸುವುದು. ಪರೀಕ್ಷೆ ಮಾತ್ರ ಆಗಿದ್ದನ್ನು ಓವರ್‌ಹಾಲ್ ಬೆಲೆಗೆ ಮಾರುವುದು ಹಳೆಯ ಚಾಳಿ. ಪರ್ಚೇಸ್ ಆರ್ಡರ್‌ನಲ್ಲಿ ಏನು ಕೇಳಿದ್ದೀರಿ, ಇಲ್ಲಿ ಏನು ಬರೆದಿದೆ ಅಂತ ಪಕ್ಕದಲ್ಲಿಟ್ಟು ನೋಡಿ.

ಬ್ಲಾಕ್ 12, ಅಂದರೆ ಟಿಪ್ಪಣಿ. ದಯವಿಟ್ಟು ಇದನ್ನು ಕೊನೆಯ ಸಾಲಿನವರೆಗೂ ಓದಿ. ಯಾವ ಮ್ಯಾನ್ಯುಯಲ್ ಪ್ರಕಾರ ಕೆಲಸ ಆಯಿತು, ಅದರ ಯಾವ ತಿದ್ದುಪಡಿ, ಯಾವ ಏರ್‌ವರ್ದಿನೆಸ್ ಡೈರೆಕ್ಟಿವ್ ಪಾಲಿಸಲಾಗಿದೆ, ಎಲ್ಲ ಇಲ್ಲಿ ಬರುತ್ತದೆ. ಡೈರೆಕ್ಟಿವ್ ಅಂದರೆ ಸುರಕ್ಷತೆಗಾಗಿ ಪ್ರಾಧಿಕಾರ ಹೊರಡಿಸುವ ಕಡ್ಡಾಯ ಆದೇಶ. ಪಾರ್ಟ್‌ಗೆ ಇರುವ ಮಿತಿಗಳನ್ನೂ ಇಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಈ ಬ್ಲಾಕನ್ನು ಖಾಲಿ ಬಿಟ್ಟಿರುವ ರಿಪೇರಿ ಸರ್ಟಿಫಿಕೇಟ್ ಕಂಡರೆ ನನಗೆ ತಕ್ಷಣ ಅನುಮಾನ ಬರುತ್ತದೆ.

ಬ್ಲಾಕ್ 13 ಹೊಸ ಪಾರ್ಟ್‌ಗೆ. 14 ನಿರ್ವಹಣೆ ಅಥವಾ ರಿಪೇರಿ ಆಗಿ ಬಂದ ಪಾರ್ಟ್‌ಗೆ. ಯಾವುದಾದರೂ ಒಂದೇ ಕಡೆ ಸಹಿ ಇರಬೇಕು. ಎರಡೂ ತುಂಬಿದ್ದರೆ ಕಾಗದ ತಪ್ಪು. ಬ್ಲಾಕ್ 11ರಲ್ಲಿ "ರಿಪೇರಿ" ಅಂತಿದ್ದು ಸಹಿ 13ರಲ್ಲಿದ್ದರೂ ತಪ್ಪು. ಸಹಿಯ ಪಕ್ಕದಲ್ಲಿ ಅನುಮೋದನೆ ಸಂಖ್ಯೆ, ಹೆಸರು, ತಾರೀಖು ಇರಬೇಕು. ಅಮೆರಿಕದ ಫಾರ್ಮ್‌ನ ಬ್ಲಾಕ್ 14ರಲ್ಲಿ ಎರಡು ಚೌಕ ಇರುತ್ತವೆ. ಒಂದು ಅಮೆರಿಕದ ನಿಯಮದ ಪ್ರಕಾರ ಬಿಡುಗಡೆ, ಇನ್ನೊಂದು ಬ್ಲಾಕ್ 12ರಲ್ಲಿ ಹೇಳಿದ ಬೇರೆ ದೇಶದ ನಿಯಮದ ಪ್ರಕಾರ. ಎರಡೂ ಟಿಕ್ ಆಗಿದ್ದರೆ ಅದಕ್ಕೆ ಡ್ಯುಯಲ್ ರಿಲೀಸ್ ಅನ್ನುತ್ತಾರೆ. ನಿಮ್ಮ ವಿಮಾನಕ್ಕೆ ಯಾವುದು ನಡೆಯುತ್ತದೆ ಅನ್ನುವುದು ನಿಮ್ಮ ಸಂಸ್ಥೆಯ ಎಂಒಇಯಲ್ಲಿರುತ್ತದೆ. ಎಂಒಇ ಅಂದರೆ ಡಿಜಿಸಿಎ ಒಪ್ಪಿದ ನಿಮ್ಮ ಕಾರ್ಯವಿಧಾನದ ಪುಸ್ತಕ. ಊಹೆ ಮಾಡಬೇಡಿ, ತೆಗೆದು ಓದಿ.

ಎಡವುವ ಜಾಗಗಳು ಇಲ್ಲಿ ಹಲವು. ಸಿಒಸಿ ಅಂದರೆ "ಆರ್ಡರ್ ಪ್ರಕಾರ ಕಳಿಸಿದ್ದೇವೆ" ಅನ್ನುವ ಪತ್ರ. ಎಎನ್, ಎಂಎಸ್, ಎನ್‌ಎಎಸ್ ಅನ್ನುವ ಅಮೆರಿಕದ ಮಾನದಂಡಗಳ ನಂಬರಿನ ಬೋಲ್ಟ್, ನಟ್, ವಾಷರ್‌ಗಳಂಥ ಸ್ಟ್ಯಾಂಡರ್ಡ್ ಪಾರ್ಟ್‌ಗಳಿಗೆ ಅದು ಸಾಕು. ಫ್ಯುಯಲ್ ಪಂಪ್‌ಗೆ ಸಾಲದು. ಎಟಿಎ 106 ಅನ್ನುವ ಫಾರ್ಮ್ ನೋಡಲು ಗಂಭೀರವಾಗಿರುತ್ತದೆ, ಆದರೆ ಅದು ವ್ಯಾಪಾರಿ ಪಾರ್ಟ್‌ನ ಮೂಲದ ಬಗ್ಗೆ ಕೊಡುವ ಹೇಳಿಕೆ. ಅದನ್ನು ರಿಲೀಸ್ ಸರ್ಟಿಫಿಕೇಟ್ ಜಾಗದಲ್ಲಿ ಇಟ್ಟುಕೊಳ್ಳಬೇಡಿ. ಇನ್ನು ಫಾರ್ಮ್ 1 ಇದೆ ಅಂದ ಮಾತ್ರಕ್ಕೆ ವಿಮಾನಕ್ಕೆ ಕೂರಿಸಲು ಅನುಮತಿ ಸಿಕ್ಕಿತು ಅಂತಲೂ ಅಲ್ಲ. ಹಾಗಂತ ಆ ಫಾರ್ಮ್‌ನಲ್ಲೇ ಅಚ್ಚಾಗಿರುತ್ತದೆ. ಕೂರಿಸುವವರು ಐಪಿಸಿ ನೋಡಿ, ತಮ್ಮ ವಿಮಾನದ ಸೀರಿಯಲ್ ನಂಬರಿಗೆ ಆ ಪಾರ್ಟ್ ಹೊಂದುತ್ತದೆಯೇ ಅಂತ ಖಚಿತ ಮಾಡಿಕೊಳ್ಳಬೇಕು.

ಹಂತ 4: ಕಾಗದವನ್ನೂ ಪಾರ್ಟನ್ನೂ ಜೊತೆಗಿಟ್ಟು ನೋಡಿ

ಸೀರಿಯಲ್ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ. ಇಬ್ಬರಿದ್ದರೆ ಒಬ್ಬರು ಪಾರ್ಟ್ ನೋಡಿ ಓದಲಿ, ಇನ್ನೊಬ್ಬರು ಕಾಗದ ನೋಡಲಿ. ನೇಮ್‌ಪ್ಲೇಟ್ ಹಿಡಿದಿರುವ ರಿವೆಟ್‌ಗಳು ತೆಗೆದು ಮತ್ತೆ ಹಾಕಿದ ಹಾಗಿವೆಯೇ? ಕೆಳಗೆ ಹಳೆಯ ಪ್ಲೇಟಿನ ಗುರುತು ಇದೆಯೇ? ಅಂಕಿಗಳ ಅಕ್ಷರ ಶೈಲಿ ಒಂದಕ್ಕೊಂದು ಹೊಂದುತ್ತದೆಯೇ? ಉಜ್ಜಿ ತೆಗೆದು ಮತ್ತೆ ಕೊರೆದ ಜಾಗ ಸ್ವಲ್ಪ ತಗ್ಗಾಗಿರುತ್ತದೆ. ಬೆಳಕನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ.

"ಹೊಸದು" ಅಂದ ಪಾರ್ಟ್‌ನ ಬೋಲ್ಟ್ ತೂತುಗಳ ಸುತ್ತ ಉಂಗುರದ ಗುರುತು, ಬೋಲ್ಟ್ ಸಡಿಲ ಆಗದಂತೆ ಕಟ್ಟುವ ಸೇಫ್ಟಿ ವೈರ್ ಉಜ್ಜಿದ ಗೆರೆ, ಹೊಸ ಬಣ್ಣದ ಕೆಳಗೆ ಹಳೆಯ ಬಣ್ಣ ಕಂಡರೆ ಅದು ಎಲ್ಲೋ ಒಮ್ಮೆ ಕೆಲಸ ಮಾಡಿ ಬಂದಿದೆ. ರಬ್ಬರ್ ಸೀಲ್, ಒ-ರಿಂಗ್, ಹೋಸ್‌ಗಳ ಕ್ಯೂರ್ ಡೇಟ್ ನೋಡಿ. ಯಾವ ವರ್ಷದ ಯಾವ ಮೂರು ತಿಂಗಳಲ್ಲಿ ತಯಾರಾಯಿತು ಅಂತ ಅದು ಹೇಳುತ್ತದೆ. ಚೀಲದ ಮೇಲಿನ ಸ್ಟಿಕರ್ ಕೆಳಗೆ ಇನ್ನೊಂದು ಸ್ಟಿಕರ್ ಇದೆಯೇ ಅಂತ ಉಗುರಿನಿಂದ ಮೆಲ್ಲಗೆ ನೋಡಿ.

ಬೋಲ್ಟ್‌ಗಳ ತಲೆ ಓದಲು ಕಲಿಯಿರಿ. ಎಎನ್ ಬೋಲ್ಟ್‌ಗಳಲ್ಲಿ ಮಿಶ್ರ ಉಕ್ಕಿನದ್ದಕ್ಕೆ ಅಡ್ಡ-ಉದ್ದ ಗೆರೆಯ ಅಥವಾ ನಕ್ಷತ್ರದ ಗುರುತು ಇರುತ್ತದೆ. ತುಕ್ಕು ಹಿಡಿಯದ ಉಕ್ಕಿಗೆ ಒಂದು ಗೆರೆ, ಅಲ್ಯೂಮಿನಿಯಂಗೆ ಎರಡು ಗೆರೆ. ಅಳತೆ ತುಂಬಾ ಬಿಗಿಯಾಗಿರುವ ಕ್ಲೋಸ್ ಟಾಲರೆನ್ಸ್ ಬೋಲ್ಟಿಗೆ ತ್ರಿಕೋನ. ಜೊತೆಗೆ ತಯಾರಕರ ಗುರುತು ಇರುತ್ತದೆ. ಈ ಗುರುತುಗಳನ್ನು ಯಾರು ಬೇಕಾದರೂ ಒತ್ತಬಹುದು. ಆದ್ದರಿಂದ ಗುರುತು ತಪ್ಪಿದ್ದರೆ ಪಾರ್ಟ್ ತಪ್ಪು ಅಂತ ಹೇಳಬಹುದು. ಗುರುತು ಸರಿ ಇದ್ದರೆ ಪಾರ್ಟ್ ಸರಿ ಅಂತ ಹೇಳಲು ಬರುವುದಿಲ್ಲ. ಹೀಟ್ ಟ್ರೀಟ್‌ಮೆಂಟ್, ಅಂದರೆ ಲೋಹವನ್ನು ಕಾಯಿಸಿ ತಣಿಸಿ ಬಲ ಕೊಡುವ ಕೆಲಸ, ಸರಿಯಾಗಿದೆಯೇ ಅಂತ ಕಣ್ಣಿಗೆ ಕಾಣುವುದಿಲ್ಲ. ಅನುಮಾನ ಬಂದ ಲಾಟ್‌ನಿಂದ ಒಂದೆರಡು ಪೀಸ್ ತೆಗೆದು ಲ್ಯಾಬ್‌ಗೆ ಗಡಸುತನದ ಪರೀಕ್ಷೆಗೆ ಕಳಿಸಿ.

ಹಂತ 5: ಸಹಿ ಹಾಕಿದ ಸಂಸ್ಥೆಗೆ ನೀವೇ ಕೇಳಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿರುವುದಾದರೆ ಇದು ಇರಲಿ ಅನ್ನುವುದು ನನ್ನ ಆಸೆ.

ಎಒಜಿ ಟೆಕ್ನಿಕ್ಸ್ ಕಥೆಗೆ ಬರೋಣ. ಸಿಎಫ್‌ಎಂ56 ಅನ್ನುವುದು ಅಮೆರಿಕದ ಜಿಇ ಮತ್ತು ಫ್ರಾನ್ಸಿನ ಸಾಫ್ರಾನ್ ಸೇರಿ ಮಾಡುವ ಎಂಜಿನ್. ಹಳೆಯ ಪೀಳಿಗೆಯ ಹಲವು ಬೋಯಿಂಗ್ 737, ಏರ್‌ಬಸ್ ಎ320 ವಿಮಾನಗಳಲ್ಲಿ ಇರುವುದು ಇದೇ. ಎಒಜಿ ಟೆಕ್ನಿಕ್ಸ್ ಈ ಎಂಜಿನ್ನಿನ ಪಾರ್ಟ್‌ಗಳನ್ನು ಸುಳ್ಳು ಸರ್ಟಿಫಿಕೇಟ್ ಜೊತೆ ಮಾರುತ್ತಿತ್ತು. ಕಾಗದಗಳು ಎಷ್ಟು ಚೆನ್ನಾಗಿದ್ದವು ಅಂದರೆ ಒಂದಲ್ಲ, ಹಲವು ದೇಶಗಳ ರಿಪೇರಿ ಸಂಸ್ಥೆಗಳ ಮೇಜು ದಾಟಿ ಹೋದವು. 2023ರಲ್ಲಿ ಪೋರ್ಚುಗಲ್‌ನ ಟ್ಯಾಪ್ ಏರ್‌ಲೈನ್‌ನ ನಿರ್ವಹಣೆ ವಿಭಾಗದವರಿಗೆ ಒಂದು ಸಣ್ಣ ಪಾರ್ಟ್ ಕಾಗದದಲ್ಲಿ ಹೇಳಿದ್ದಕ್ಕಿಂತ ಹಳೆಯದಾಗಿ ಕಂಡಿತು. ಅವರು ಸಾಫ್ರಾನ್‌ಗೆ ಬರೆದು ಕೇಳಿದರು. ಆ ಸರ್ಟಿಫಿಕೇಟ್ ತಮ್ಮದಲ್ಲ, ಸಹಿ ತಮ್ಮ ನೌಕರರದ್ದಲ್ಲ ಅಂತ ಉತ್ತರ ಬಂತು. ಆಗಸ್ಟ್‌ನಲ್ಲಿ ಯೂರೋಪಿನ ಪ್ರಾಧಿಕಾರ ಎಚ್ಚರಿಕೆ ಹೊರಡಿಸಿತು. ಆಮೇಲೆ ನೂರಕ್ಕೂ ಹೆಚ್ಚು ಎಂಜಿನ್‌ಗಳಲ್ಲಿ ಆ ಕಂಪನಿಯ ಪಾರ್ಟ್‌ಗಳು ಸಿಕ್ಕವು. ಎಲ್ಲವನ್ನೂ ಹುಡುಕಿ ತೆಗೆಯಬೇಕಾಯಿತು. ಇಷ್ಟು ದೊಡ್ಡ ಮೋಸ ಹೊರಗೆ ಬಿದ್ದದ್ದು ಅಷ್ಟು ಸರಳವಾದ ಒಂದು ವಿಚಾರಣೆಯಿಂದ.

ನೀವು ಮಾಡಬೇಕಾದ್ದು ಇಷ್ಟೇ. ಬ್ಲಾಕ್ 4ರಲ್ಲಿ ಇರುವ ಸಂಸ್ಥೆಯ ಗುಣಮಟ್ಟ ವಿಭಾಗಕ್ಕೆ ಸರ್ಟಿಫಿಕೇಟಿನ ಪ್ರತಿ ಕಳಿಸಿ. "ಈ ಟ್ರ್ಯಾಕಿಂಗ್ ನಂಬರ್, ಈ ಪಾರ್ಟ್ ನಂಬರ್, ಈ ಸೀರಿಯಲ್ ನಂಬರ್, ಇಷ್ಟು ಪೀಸ್, ಈ ತಾರೀಖು, ಈ ಸಹಿ ನಿಮ್ಮದೇ?" ಅಂತ ಕೇಳಿ. ಎಲ್ಲ ವಿವರಕ್ಕೂ ಉತ್ತರ ಬೇಕು. ಅಸಲಿ ಸರ್ಟಿಫಿಕೇಟಿನಲ್ಲಿ ಪೀಸಿನ ಸಂಖ್ಯೆ ಅಥವಾ ತಾರೀಖು ಮಾತ್ರ ತಿದ್ದುವುದೂ ಉಂಟು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಕಾಗದದ ಮೇಲೆ ಅಚ್ಚಾಗಿರುವ ಫೋನ್ ನಂಬರಿಗೆ, ವ್ಯಾಪಾರಿ ಕೊಟ್ಟ ಇಮೇಲಿಗೆ ಕೇಳಬೇಡಿ. ಕಾಗದ ಸೃಷ್ಟಿಸಿದವರಿಗೆ ಫೋನ್ ನಂಬರ್ ಸೃಷ್ಟಿಸುವುದು ಕಷ್ಟವೇನಲ್ಲ. ಅನುಮೋದಿತ ಸಂಸ್ಥೆಗಳ ಪಟ್ಟಿಯನ್ನು ಪ್ರಾಧಿಕಾರಗಳೇ ಪ್ರಕಟಿಸುತ್ತವೆ. ಅಲ್ಲಿಂದ ಸಂಸ್ಥೆಯನ್ನು ಹುಡುಕಿ, ಅನುಮೋದನೆ ಸಂಖ್ಯೆ ತಾಳೆ ನೋಡಿ, ನೀವೇ ಹುಡುಕಿದ ವಿಳಾಸಕ್ಕೆ ಬರೆಯಿರಿ. ನಾನು ಹೀಗೆ ಖಚಿತ ಮಾಡಿಕೊಂಡ ವಿಳಾಸಗಳನ್ನು ಒಂದು ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಎರಡನೇ ಸಲ ಐದು ನಿಮಿಷದ ಕೆಲಸ.

"ಪ್ರತಿ ವಾಷರ್‌ಗೂ ಹೀಗೆ ಮಾಡಕ್ಕಾಗುತ್ತಾ?" ಅಂತ ಕೇಳಬಹುದು. ಆಗುವುದಿಲ್ಲ. ಹೊಸ ಸಪ್ಲೈಯರ್‌ನಿಂದ ಬಂದ ಮೊದಲ ಕೆಲವು ಸರಕು, ಎಂಜಿನ್ ಮತ್ತು ಫ್ಲೈಟ್ ಕಂಟ್ರೋಲ್ ಪಾರ್ಟ್‌ಗಳು, ಹಿಂದಿನ ಹಂತಗಳಲ್ಲಿ ಎಲ್ಲಾದರೂ ಮನಸ್ಸಿಗೆ ಚುಚ್ಚಿದ್ದು, ಇವುಗಳಿಗೆ ಬಿಡದೆ ಮಾಡಿ. ಉಳಿದವುಗಳಲ್ಲಿ ಆಗಾಗ ಒಂದನ್ನು ಆರಿಸಿ ಕೇಳಿ.

ಹಂತ 6: ಆಯಸ್ಸು ಗೊತ್ತುಮಾಡಿದ ಪಾರ್ಟ್‌ಗಳಿಗೆ ಹುಟ್ಟಿನಿಂದ ಲೆಕ್ಕ

ಎಂಜಿನ್ನಿನ ಡಿಸ್ಕ್, ಶಾಫ್ಟ್‌ನಂಥ ಪಾರ್ಟ್‌ಗಳು ಇಂತಿಷ್ಟು ಸೈಕಲ್ ಆದ ಮೇಲೆ ನೋಡಲು ಚೆನ್ನಾಗಿದ್ದರೂ ತೆಗೆದು ಹಾಕಲೇಬೇಕು. ಸೈಕಲ್ ಅಂದರೆ ಸ್ಥೂಲವಾಗಿ ಒಂದು ಹಾರಾಟ. ಇವಕ್ಕೆ ಎಲ್‌ಎಲ್‌ಪಿ ಅನ್ನುತ್ತಾರೆ, ಲೈಫ್ ಲಿಮಿಟೆಡ್ ಪಾರ್ಟ್. ಕಾರ್ಖಾನೆಯಿಂದ ಹೊರಟ ದಿನದಿಂದ ಯಾವ ಎಂಜಿನ್ನಿನಲ್ಲಿ, ಯಾವ ಏರ್‌ಲೈನ್‌ನಲ್ಲಿ, ಎಷ್ಟು ಸೈಕಲ್ ಅಂತ ಸರಪಳಿ ತುಂಡಾಗದೆ ಬರಬೇಕು. ಪ್ರತಿ ಬಾರಿ ಬಿಚ್ಚಿದ, ಕೂರಿಸಿದ ಅಂಕಿಗಳನ್ನು ಕೂಡಿ ನೋಡಿ. ನಡುವೆ ಎರಡು ವರ್ಷ ಕಾಣೆಯಾಗಿದ್ದರೆ "ಗೋಡೌನ್‌ನಲ್ಲಿತ್ತು" ಅನ್ನುವ ಪತ್ರ ಸಾಲದು. ಸರಪಳಿ ಸಿಗದಿದ್ದರೆ ಪಾರ್ಟ್ ಬೇಡ. ಎಷ್ಟೇ ದುಬಾರಿಯದಾದರೂ ಬೇಡ.

ಹಂತ 7: ಅನುಮಾನ ಬಂದರೆ

ಪಾರ್ಟನ್ನು ಕ್ವಾರಂಟೈನ್ ಸ್ಟೋರ್‌ಗೆ ಹಾಕಿ ಬೀಗ ಹಾಕಿ. ಕೆಂಪು ಟ್ಯಾಗ್ ಕಟ್ಟಿ ಒಳ್ಳೆಯ ಪಾರ್ಟ್‌ಗಳ ಪಕ್ಕದಲ್ಲೇ ಇಟ್ಟರೆ ಸಾಲದು. ರಾತ್ರಿ ಪಾಳಿಯಲ್ಲಿ ಟ್ಯಾಗ್ ಬಿದ್ದುಹೋಗಬಹುದು. ಡಬ್ಬ, ಕಾಗದ, ಫೋಟೋ, ಇಮೇಲ್ ಯಾವುದನ್ನೂ ಎಸೆಯಬೇಡಿ.

ಮಾರಿದವರಿಗೆ ವಾಪಸ್ ಕಳಿಸಬೇಡಿ. "ಕಳಿಸಿಬಿಡಿ ಸಾರ್, ದುಡ್ಡು ವಾಪಸ್ ಕೊಡ್ತೀವಿ" ಅಂತ ತುಂಬಾ ವಿನಯದಿಂದ ಹೇಳುತ್ತಾರೆ. ಕಳಿಸಿದರೆ ಅದೇ ಪಾರ್ಟ್ ಮುಂದಿನ ವಾರ ಇನ್ನೊಬ್ಬರ ಮೇಜಿನ ಮೇಲಿರುತ್ತದೆ. ನಿಮ್ಮ ಬಳಿ ಸಾಕ್ಷಿಯೂ ಉಳಿಯುವುದಿಲ್ಲ.

ಅದೇ ದಿನ ಕ್ವಾಲಿಟಿ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ತಿಳಿಸಿ. ಅವರ ಮೂಲಕ ಡಿಜಿಸಿಎಗೆ ವರದಿ ಹೋಗಬೇಕು. ತಯಾರಕರಿಗೂ ತಿಳಿಸಿ. ಅಮೆರಿಕದ ಸರ್ಟಿಫಿಕೇಟ್ ಆದರೆ ಎಫ್‌ಎಎಯ 8120-11 ಫಾರ್ಮ್ ಇದಕ್ಕೇ ಇದೆ. ಆಮೇಲೆ ಅದೇ ಸಪ್ಲೈಯರ್‌ನಿಂದ ಹಿಂದೆ ಬಂದದ್ದೆಲ್ಲ ತೆಗೆಯಿರಿ. ಸ್ಟೋರ್ಸ್ ಇಶ್ಯೂ ದಾಖಲೆ ನೋಡಿ ಯಾವುದಾದರೂ ವಿಮಾನಕ್ಕೆ ಆಗಲೇ ಕೂತಿದೆಯೇ ಅಂತ ಪತ್ತೆ ಮಾಡಿ. ಕೂತಿದ್ದರೆ ಆ ಮಾತು ನಿಮ್ಮ ಬಾಯಿಂದಲೇ, ತಡ ಮಾಡದೆ ಹೊರಗೆ ಬರಬೇಕು. ಹೊಸಬರಿಗೆ ಇದು ಭಯದ ಕೆಲಸ, ನನಗೆ ಗೊತ್ತು. ಅನುಮಾನ ಸುಳ್ಳಾದರೆ ನಷ್ಟ ಒಂದೆರಡು ದಿನದ್ದು ಮಾತ್ರ.

ಹಂತ 8: ನಿಮ್ಮ ಗುಜರಿ ಇನ್ನೊಬ್ಬರ ಸ್ಟೋರ್ಸ್ ಸೇರದಿರಲಿ

1995ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಕಾಲಿ ಹತ್ತಿರ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 757 ಬೆಟ್ಟಕ್ಕೆ ಬಡಿಯಿತು. ಅವಶೇಷದ ಜಾಗದಿಂದ ಕದ್ದ ಪಾರ್ಟ್‌ಗಳು ಆಮೇಲೆ ಮಯಾಮಿಯ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡವು. ಗುಜರಿಗೆ ಹಾಕಿದ ಪಾರ್ಟ್‌ಗೂ ಹೀಗೇ ಆಗಬಹುದು.

ಆದ್ದರಿಂದ ತಿರಸ್ಕರಿಸಿದ ಪಾರ್ಟನ್ನು ಹಾಗೇ ತೂಕಕ್ಕೆ ಹಾಕಬೇಡಿ. ಮತ್ತೆ ಸರಿಮಾಡಲು ಆಗದ ಹಾಗೆ ಕತ್ತರಿಸಿ, ಜಜ್ಜಿ ಅಥವಾ ಕರಗಿಸಿ. ಕೂರಿಸುವ ಕಿವಿಗಳು, ಬೇರಿಂಗ್ ಕೂರುವ ಜಾಗ, ಹಲ್ಲುಗಳು ಇವೆಲ್ಲ ತುಂಡಾಗಬೇಕು. ಒಂದು ತೂತು ಕೊರೆದರೆ ಅದನ್ನು ವೆಲ್ಡಿಂಗ್‌ನಿಂದ ಮುಚ್ಚಬಹುದು. ಬಣ್ಣ ಬಳಿದರೆ ಒರೆಸಬಹುದು. ನೇಮ್‌ಪ್ಲೇಟ್ ಬಿಚ್ಚಿ ಬೇರೆಯಾಗಿ ನಾಶ ಮಾಡಿ. ಅದರ ಕಾಗದದ ಮೇಲೆ ರದ್ದು ಅಂತ ಬರೆದು ಫೈಲ್‌ನಲ್ಲಿಡಿ. ಕತ್ತರಿಸುವಾಗ ಒಬ್ಬರು ಸಾಕ್ಷಿ ನಿಲ್ಲಲಿ. ಸೀರಿಯಲ್ ನಂಬರ್, ತಾರೀಖು, ಇಬ್ಬರ ಸಹಿ ಸ್ಕ್ರ್ಯಾಪ್ ರಿಜಿಸ್ಟರ್‌ನಲ್ಲಿ ಬರಲಿ. ತುಂಡುಗಳ ಫೋಟೋ ಅದರ ಜೊತೆಗೇ ಅಂಟಿಸಿಡಿ.